ಅಮ್ಮನ ಹಾಡಿಗೆ ಯಾವ ಸಾಫ್ಟ್‌ವೇರ್? ಮನೆಯಲ್ಲೇ ರೆಕಾರ್ಡ್ ಮಾಡುವವರಿಗೆ ಒಂದು ಹೋಲಿಕೆ

ನಮ್ಮಮ್ಮನಿಗೆ ನೂರಕ್ಕೂ ಜಾಸ್ತಿ ಹಾಡು ಬಾಯಿಗೆ ಬರುತ್ತದೆ. ದೇವರನಾಮ, ಸೋಬಾನೆ, ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು. ಎಷ್ಟೋ ಹಾಡುಗಳು ಅಜ್ಜಿಯಿಂದ ಕೇಳಿ ಕಲಿತವು, ಎಲ್ಲೂ ಬರೆದಿಟ್ಟಿಲ್ಲ. ಮೂರು ವರ್ಷದ ಹಿಂದೆ ಇವನ್ನೆಲ್ಲ ಚೆನ್ನಾಗಿ ರೆಕಾರ್ಡ್ ಮಾಡಿ ಇಡೋಣ ಅಂತ ಕೂತೆ. ಮೈಕ್ ತಂದೆ, ಅದನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್‌ಫೇಸ್ ತಂದೆ. ಸಾಫ್ಟ್‌ವೇರ್ ಯಾವುದು ಅನ್ನುವ ಹೊತ್ತಿಗೆ ಎರಡು ತಿಂಗಳು ಕಳೆದುಹೋಯಿತು. ಯಾರನ್ನು ಕೇಳಿದರೂ ಅವರು ಬಳಸುವುದೇ ದೊಡ್ಡದು ಅನ್ನುತ್ತಿದ್ದರು.

ಮೊದಲ ದಿನ ಅಮ್ಮನಿಗೆ ಹೆಡ್‌ಫೋನ್ ಹಾಕಿಸಿ, ಕಾಲಪ್ರಮಾಣ ಹಿಡಿಯಲು ಕಿವಿಗೆ ಬಡಿಯುವ ಕ್ಲಿಕ್ ಆನ್ ಮಾಡಿದೆ. ಅರ್ಧ ಪಲ್ಲವಿ ಹಾಡಿ ನಿಲ್ಲಿಸಿದರು.

"ಇದೇನೋ ಕಿವಿಯಲ್ಲಿ ಟಕ್ ಟಕ್ ಅಂತಿದೆ. ತೆಗಿ ಅದನ್ನ. ಸಾಹಿತ್ಯ ಮರೆತುಹೋಗುತ್ತೆ ನಂಗೆ."

ಕ್ಲಿಕ್ ತೆಗೆದೆ. ತಂಬೂರಿ ಮಾತ್ರ ಬಿಟ್ಟೆ. ಅಮ್ಮ ತೊಡೆಯ ಮೇಲೆ ತಾಳ ಹಾಕಿಕೊಂಡು ಐದು ನಿಮಿಷ ಒಂದೇ ಉಸಿರಿಗೆ ಹಾಡಿ ಮುಗಿಸಿದರು. ಆಮೇಲೆ ಪರದೆ ನೋಡಿದರೆ ಅವರ ಒಂದು ಪೆಟ್ಟೂ ಅಲ್ಲಿನ ಕ್ಲಿಕ್ಕಿನ ಗೆರೆಗಳ ಮೇಲೆ ಬಿದ್ದಿರಲಿಲ್ಲ. ಹಾಗಂತ ತಾಳ ತಪ್ಪಿರಲಿಲ್ಲ. ನಾನೇ ಕೈಯಲ್ಲಿ ಹಾಕಿ ನೋಡಿದೆ, ಸರಿಯಾಗಿ ಕೂತಿತ್ತು. ಚರಣದಿಂದ ಪಲ್ಲವಿಗೆ ಬರುವಾಗ ಚೂರು ನಿಧಾನ ಮಾಡುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಅಷ್ಟೇ.

ಅವತ್ತೇ ನನಗೆ ಅರ್ಥವಾಗಿದ್ದು ಇದು. ಸಾಫ್ಟ್‌ವೇರ್ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಹಾಡು ಕ್ಲಿಕ್ ಜೊತೆ ನಡೆಯುತ್ತದಾ, ಇಲ್ಲ ತನ್ನ ಪಾಡಿಗೆ ತಾನು ನಡೆಯುತ್ತದಾ? ಬೀಟ್ ಕಟ್ಟಿ, ಅದರ ಮೇಲೆ ಕೀಬೋರ್ಡ್ ಹಾಕಿ, ಕೊನೆಗೆ ರ‍್ಯಾಪೋ ಹಾಡೋ ಸೇರಿಸುವವರಿಗೆ ಬೇಕಾದ ಸಾಫ್ಟ್‌ವೇರ್ ಬೇರೆ. ತಂಬೂರಿ ಇಟ್ಟುಕೊಂಡು ಹಾಡುವವರಿಗೆ, ಭಾವಗೀತೆಯವರಿಗೆ, ವೀಣೆ ಕೊಳಲಿನವರಿಗೆ ಬೇಕಾದ್ದು ಬೇರೆ. ಬೆಲೆ, ಹೆಸರು, ಸ್ಟುಡಿಯೋದವರು ಏನು ಬಳಸುತ್ತಾರೆ ಅನ್ನುವುದೆಲ್ಲ ಇದರ ನಂತರ.

ಆಡಾಸಿಟಿ: ಇವತ್ತೇ ಶುರು ಮಾಡಬೇಕು ಅನ್ನುವವರಿಗೆ

ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2000ದಿಂದ ಇದೆ. ತೆರೆದ ತಕ್ಷಣ ಕೆಂಪು ಗುಂಡಿ ಕಾಣಿಸುತ್ತದೆ, ಒತ್ತಿದರೆ ರೆಕಾರ್ಡ್ ಆಗುತ್ತದೆ. ಒಬ್ಬರೇ ಹಾಡುವುದು, ಕಥೆ ಓದುವುದು, ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವುದು, ಇವಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಡ.

ಇದರ ನಾಯ್ಸ್ ರಿಡಕ್ಷನ್ ನಿಜವಾಗಲೂ ಕೆಲಸಕ್ಕೆ ಬರುತ್ತದೆ. ಹಾಡುವ ಮೊದಲು ಐದು ಸೆಕೆಂಡ್ ಎಲ್ಲರೂ ಸುಮ್ಮನಿರಿ. ಆ ಖಾಲಿ ಜಾಗವನ್ನು ಸೆಲೆಕ್ಟ್ ಮಾಡಿ ತೋರಿಸಿದರೆ, ಕೋಣೆಯ ಗುಂಯ್ ಸದ್ದು ಯಾವುದು ಅಂತ ಸಾಫ್ಟ್‌ವೇರ್ ತಿಳಿದುಕೊಂಡು ಹಾಡಿನ ಅಡಿಯಿಂದಲೂ ಅದನ್ನು ತೆಗೆಯುತ್ತದೆ. ಆದರೆ ಮಿತಿ ಇರಲಿ. ಜಾಸ್ತಿ ಹಾಕಿದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. 6 ಡೆಸಿಬಲ್‌ನಿಂದ ಶುರು ಮಾಡಿ, 12 ದಾಟಬೇಡಿ.

ತೊಂದರೆ ಬರುವುದು ಒಂದರ ಮೇಲೊಂದು ಟ್ರ್ಯಾಕ್ ಹಾಕಲು ಹೊರಟಾಗ. ಅಮ್ಮನ ಹಾಡಿಗೆ ತಬಲಾ ಸೇರಿಸಿದಾಗ ಇಡೀ ತಬಲಾ ಚೂರು ಹಿಂದೆ ಬಿದ್ದಿತ್ತು. ನುಡಿಸಿದವರದ್ದು ತಪ್ಪಲ್ಲ. ಕಂಪ್ಯೂಟರ್ ಒಳಗೆ ಹೋಗಿ ಹೊರಗೆ ಬರುವ ಹೊತ್ತಿನಲ್ಲಿ ಆಗುವ ತಡ ಅದು. ಅದನ್ನು ಎಷ್ಟು ಅಂತ ನೀವೇ ಅಳೆದು, ಲೇಟೆನ್ಸಿ ಕಾಂಪೆನ್ಸೇಶನ್ ಜಾಗದಲ್ಲಿ ಹಾಕಬೇಕು. ಮಿಡಿ ಕೀಬೋರ್ಡ್ (ಒತ್ತಿದ ಮನೆ ಯಾವುದು ಅಂತ ಕಂಪ್ಯೂಟರ್‌ಗೆ ಹೇಳುವ ಕೀಬೋರ್ಡ್) ಚುಚ್ಚಿ ಪಿಯಾನೋ, ವಯಲಿನ್ ನುಡಿಸುತ್ತೇನೆ ಅನ್ನುವವರಿಗೆ ಇದು ಆಗಿಬರುವುದಿಲ್ಲ. 2022ರ 3.2 ಆವೃತ್ತಿಯಿಂದ ಹಾಡು ಓಡುತ್ತಿರುವಾಗಲೇ ಎಫೆಕ್ಟ್ ಬದಲಿಸಿ ಕೇಳಬಹುದು. ಅದಕ್ಕೆ ಮೊದಲು ಹಾಕಿ, ಕೇಳಿ, ಅಂಡೂ ಮಾಡಿ, ಮತ್ತೆ ಹಾಕಬೇಕಿತ್ತು. ಹಾಗಾಗಿ ಹಳೇ ಆವೃತ್ತಿ ಇದ್ದರೆ ಮೊದಲು ಹೊಸದು ಹಾಕಿಕೊಳ್ಳಿ.

ರೀಪರ್: ನಾನು ಕೊನೆಗೆ ನಿಂತ ಜಾಗ

ಇನ್‌ಸ್ಟಾಲರ್ 20 ಎಂಬಿಗಿಂತ ಕಡಿಮೆ. ನಮ್ಮ ಮನೆಯ ಹಳೇ 4 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್‌ನಲ್ಲಿ ಹತ್ತು ಹನ್ನೆರಡು ಟ್ರ್ಯಾಕ್ ಆರಾಮಾಗಿ ಓಡುತ್ತದೆ. ಇದನ್ನು ಮಾಡಿದ ಕಂಪನಿ ಕೊಕೊಸ್. ಅದರ ಹಿಂದಿರುವ ಜಸ್ಟಿನ್ ಫ್ರಾಂಕೆಲ್ ಅವರೇ ಒಂದು ಕಾಲದಲ್ಲಿ ನಾವೆಲ್ಲ ಎಂಪಿ3 ಕೇಳುತ್ತಿದ್ದ ವಿನ್ಯಾಂಪ್ ಬರೆದವರು.

60 ದಿನ ಯಾವ ಕಟ್ಟುಪಾಡೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ಮನೆ ಬಳಕೆಯವರಿಗೆ, ಸಣ್ಣ ಆದಾಯದವರಿಗೆ ಲೈಸೆನ್ಸ್ 60 ಡಾಲರ್. ಅಂದರೆ ಐದು ಸಾವಿರ ರೂಪಾಯಿ ಮೇಲೆ ಸ್ವಲ್ಪ. 60 ದಿನ ಮುಗಿದರೂ ಅದು ಬಾಗಿಲು ಹಾಕುವುದಿಲ್ಲ, ತೆರೆದಾಗಲೆಲ್ಲ ಶುರುವಿನಲ್ಲಿ ಒಂದು ಸಲ ನೆನಪಿಸುತ್ತದೆ. ಅಷ್ಟು ನಂಬಿಕೆ ಇಟ್ಟವರಿಗೆ ದುಡ್ಡು ಕೊಡಬೇಕು ಅಂತ ನನಗೆ ಮನಸ್ಸಿನಿಂದ ಅನಿಸಿತು, ಕೊಟ್ಟೆ. ಯಾವ ಸಾಫ್ಟ್‌ವೇರ್ ಆದರೂ ಸರಿ, ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಕ್ರ್ಯಾಕ್ ಪ್ರತಿ ಹಾಕಿಕೊಳ್ಳಬೇಡಿ. ಅದರ ಜೊತೆ ವೈರಸ್ ಬಂದು ಇದ್ದಬದ್ದ ಹಾಡೆಲ್ಲ ಹೋದರೆ ಅಮ್ಮನ ದನಿ ಮತ್ತೆ ಎಲ್ಲಿಂದ ತರುವುದು?

ಕ್ಲಿಕ್ ಇಲ್ಲದ ಹಾಡಿಗೆ ರೀಪರ್ ಹೇಗೆ ಹೊಂದುತ್ತದೆ ಅಂದರೆ, ಮೊದಲು ಮೆಟ್ರೊನೋಮ್, ಅಂದರೆ ಆ ಕ್ಲಿಕ್, ಆಫ್ ಮಾಡಿ. ತುಂಡುಗಳನ್ನು ಗೆರೆಗೆ ಎಳೆಯುವ ಸ್ನ್ಯಾಪ್ ಆಫ್ ಮಾಡಿ. ಮೇಲಿನ ಅಳತೆಪಟ್ಟಿಯನ್ನು ಬಾರ್ ಬೀಟ್ ಬಿಟ್ಟು ನಿಮಿಷ ಸೆಕೆಂಡ್‌ಗೆ ಬದಲಿಸಿ. ಈಗ ಅದು ಬರೀ ಉದ್ದದ ಟೇಪು. ಎಲ್ಲಿ ಬೇಕಾದರೂ ಕತ್ತರಿಸಿ, ಎಲ್ಲಿ ಬೇಕಾದರೂ ಜೋಡಿಸಿ, ಯಾವ ಗೆರೆಯೂ ನಿಮ್ಮನ್ನು ಎಳೆಯುವುದಿಲ್ಲ.

ಕ್ಲಿಕ್ ಬೇಕು ಅನ್ನುವವರಿಗೂ ಒಳ್ಳೆಯದೇ. ಮಿಶ್ರ ಛಾಪುವಿಗೆ 7/8 ಇಟ್ಟು, ಯಾವ ಪೆಟ್ಟು ಗಟ್ಟಿ ಯಾವುದು ಮೆತ್ತಗೆ ಅಂತ ನಾವೇ ಹೇಳಬಹುದು. 3+2+2 ಅಂತ ಕೂರಿಸಿದರೆ ಕಿವಿಗೆ ತಕಿಟ ತಕ ತಕ ಅಂತಲೇ ಕೇಳಿಸುತ್ತದೆ. ಏಳೂ ಪೆಟ್ಟು ಒಂದೇ ಥರ ಬಡಿದರೆ ಹಾಡುವವರು ಎಲ್ಲಿದ್ದೀವಿ ಅಂತ ಹುಡುಕಬೇಕಾಗುತ್ತದೆ, ಅಲ್ವಾ?

2023ರಲ್ಲಿ ಬಂದ 7ನೇ ಆವೃತ್ತಿಯಲ್ಲಿ ಒಂದೇ ಸಾಲನ್ನು ನಾಲ್ಕು ಸಲ ಹಾಡಿಸಿ, ನಾಲ್ಕನ್ನೂ ಒಂದರ ಕೆಳಗೊಂದು ಇಟ್ಟು, ಚೆನ್ನಾಗಿರುವ ತುಂಡಿನ ಮೇಲೆ ಮೌಸ್ ಎಳೆದು ಆರಿಸಿಕೊಳ್ಳಬಹುದು. ವಯಸ್ಸಾದವರ ಹಾಡು ರೆಕಾರ್ಡ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಅವರು ಅಲ್ಲಲ್ಲಿ ಕೆಮ್ಮುತ್ತಾರೆ, ಒಂದು ಪದ ಮರೆಯುತ್ತಾರೆ. ಪೂರ್ತಿ ಹಾಡು ಮತ್ತೆ ಹಾಡಿ ಅನ್ನುವುದು ಅವರಿಗೆ ಹಿಂಸೆ.

ಇದರಲ್ಲಿ ಇಲ್ಲದ್ದು ವಾದ್ಯಗಳು. ಸ್ವರ ಹುಟ್ಟಿಸುವ ಒಂದು ಸಣ್ಣ ಸಿಂಥ್, ಹಿಡಿದಿಟ್ಟ ಸದ್ದು ನುಡಿಸುವ ಒಂದು ಸ್ಯಾಂಪ್ಲರ್ ಬಿಟ್ಟರೆ ಪಿಯಾನೋ, ಗಿಟಾರ್, ಡ್ರಮ್ಸ್ ಏನೂ ಜೊತೆಗೆ ಬರುವುದಿಲ್ಲ. ಬೇರೆ ಕಡೆಯಿಂದ ತಂದು ಹಾಕಿಕೊಳ್ಳಬೇಕು. ಮೊದಲ ನೋಟಕ್ಕೆ ಪರದೆಯೂ ಬೂದುಬಣ್ಣದ ಆಫೀಸ್ ಥರ ಇದೆ. ಮೆನುಗಳು ಎಷ್ಟಿವೆ ಅಂದರೆ ಮೊದಲ ವಾರ ತಲೆ ಚಿಟ್ಟು ಹಿಡಿಯುತ್ತದೆ. ರೆಕಾರ್ಡ್, ಸ್ಪ್ಲಿಟ್ (ಕತ್ತರಿಸುವುದು), ಫೇಡ್ (ದನಿ ಮೆಲ್ಲಗೆ ಏರಿಸಿ ಇಳಿಸುವುದು), ರೆಂಡರ್ (ಮುಗಿದ ಹಾಡನ್ನು ಒಂದು ಫೈಲಾಗಿ ಹೊರತೆಗೆಯುವುದು), ಈ ನಾಲ್ಕು ಕಲಿತು ಮಿಕ್ಕಿದ್ದನ್ನು ಪಕ್ಕಕ್ಕಿಡಿ.

ಗ್ಯಾರೇಜ್‌ಬ್ಯಾಂಡ್, ಲಾಜಿಕ್

ಮನೆಯಲ್ಲಿ ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಬಿಟ್ಟು ಬೇರೆ ಕಡೆ ನೋಡುವ ಅಗತ್ಯ ಸದ್ಯಕ್ಕಿಲ್ಲ. ಉಚಿತ, ವಾದ್ಯಗಳು ಜೊತೆಗೇ ಇವೆ, ದನಿಗೆ ಗುಂಗು ಕೊಡುವ ರಿವರ್ಬ್ ಕೂಡ ಕೇಳುವ ಹಾಗಿದೆ. ಐಫೋನ್, ಐಪ್ಯಾಡ್‌ನಲ್ಲೂ ಸಿಗುತ್ತದೆ. ಮುಂದೆ ಸಾಲದು ಅನಿಸಿದರೆ ಅದೇ ಪ್ರಾಜೆಕ್ಟನ್ನು ಆಪಲ್‌ನದೇ ದೊಡ್ಡ ಸಾಫ್ಟ್‌ವೇರ್ ಲಾಜಿಕ್ ಪ್ರೊನಲ್ಲಿ ತೆರೆಯಬಹುದು, ಮಾಡಿದ ಕೆಲಸ ಹಾಳಾಗುವುದಿಲ್ಲ. ಮ್ಯಾಕ್‌ನಲ್ಲಿ ಲಾಜಿಕ್ಕಿಗೆ ಉಚಿತ ಟ್ರಯಲ್ ಇದೆ. ಹತ್ತು ಹಾಡಿನ ಕೆಲಸ ಇದ್ದರೆ ಅಷ್ಟರಲ್ಲಿ ಅದು ನಿಮಗೆ ಬೇಕೋ ಬೇಡವೋ ಅಂತ ಗೊತ್ತಾಗಿಬಿಡುತ್ತದೆ.

ಲಾಜಿಕ್‌ನಲ್ಲಿ 2018ರಿಂದ ಸ್ಮಾರ್ಟ್ ಟೆಂಪೋ ಅಂತ ಒಂದಿದೆ. ಹಾಡಿದವರ ಕಾಲಪ್ರಮಾಣ ನೋಡಿ ಗೆರೆಗಳೇ ಹಿಂದೆ ಮುಂದೆ ಸರಿದುಕೊಳ್ಳುತ್ತವೆ. ಹಾಡು ಗೆರೆಗೆ ಬಗ್ಗುವ ಬದಲು ಗೆರೆ ಹಾಡಿಗೆ ಬಗ್ಗುತ್ತದೆ. ಗಟ್ಟಿ ಪೆಟ್ಟಿರುವ ತಬಲಾ, ಮೃದಂಗದ ಟ್ರ್ಯಾಕ್‌ಗೆ ಇದು ಚೆನ್ನಾಗಿ ಕೂರುತ್ತದೆ. ಬರೀ ದನಿ, ತಂಬೂರಿ ಇದ್ದರೆ ಅದಕ್ಕೆ ಹಿಡಿಯಲು ಪೆಟ್ಟೇ ಸಿಗುವುದಿಲ್ಲ. ಮ್ಯಾಕ್ ಇಲ್ಲದವರು ಇದಕ್ಕೋಸ್ಕರ ಮ್ಯಾಕ್ ಕೊಳ್ಳುವುದು ಬೇಡ. ಆ ದುಡ್ಡಲ್ಲಿ ಒಳ್ಳೆಯ ಮೈಕ್ ಬರುತ್ತದೆ.

ಬೀಟ್ ಕಟ್ಟುವವರಿಗೆ

ನಮ್ಮ ಅಕ್ಕನ ಮಗ ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಾನೆ. ಅವನಿಗೆ ರೀಪರ್ ಕೊಟ್ಟೆ, ಎರಡು ದಿನಕ್ಕೆ ಬಿಟ್ಟ. ಅವನ ಕೆಲಸ ಹಾಡು ಹಿಡಿಯುವುದಲ್ಲ, ಹಾಡು ಕಟ್ಟುವುದು. ಅದಕ್ಕೆ ಎಫ್‌ಎಲ್ ಸ್ಟುಡಿಯೋ, ಏಬಲ್ಟನ್ ಲೈವ್ ಇವೆ.

ಎಫ್‌ಎಲ್ ಸ್ಟುಡಿಯೋ ಬೆಲ್ಜಿಯಂನ ಇಮೇಜ್‌ಲೈನ್ ಕಂಪನಿಯದು. ಮೊದಲು ಫ್ರೂಟಿಲೂಪ್ಸ್ ಅಂತ ಹೆಸರಿತ್ತು. ಚೌಕಗಳ ಸಾಲಿನಲ್ಲಿ ಡ್ರಮ್ಮಿನ ಕಿಕ್ ಪೆಟ್ಟು ಎಲ್ಲಿ, ಸ್ನೇರ್ ಪೆಟ್ಟು ಎಲ್ಲಿ ಅಂತ ಒತ್ತುತ್ತಾ ಹೋದರೆ ಹತ್ತು ನಿಮಿಷಕ್ಕೆ ಬೀಟ್ ಸಿದ್ಧ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ, ಇದು ದೊಡ್ಡ ಮಾತು. ಆದರೆ ಎರಡು ವಿಷಯ ಮೊದಲೇ ತಿಳಿದಿರಲಿ. ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಲೈಸೆನ್ಸ್ ಕೊಳ್ಳುವ ತನಕ ಮತ್ತೆ ತೆರೆಯಲು ಆಗುವುದಿಲ್ಲ. ಹಾಗಾಗಿ ಟ್ರಯಲ್‌ನಲ್ಲಿ ಏನೇ ಮಾಡಿದರೂ ಆಡಿಯೋ ಆಗಿ ಹೊರಗೆ ತೆಗೆದಿಟ್ಟುಕೊಳ್ಳಿ. ಇನ್ನೊಂದು, ಇದರಲ್ಲಿ ಹಲವು ಎಡಿಷನ್‌ಗಳಿವೆ. ಕಡಿಮೆ ಬೆಲೆಯದ್ದನ್ನು ಕೊಳ್ಳುವ ಮೊದಲು ಅದರಲ್ಲಿ ದನಿ ರೆಕಾರ್ಡ್ ಮಾಡಲು ಏನೇನು ಬಿಟ್ಟಿದ್ದಾರೆ ಅಂತ ಪಟ್ಟಿ ನೋಡಿ.

ಏಬಲ್ಟನ್ ಲೈವ್ ಬರ್ಲಿನ್‌ನದು. ತುಣುಕುಗಳನ್ನು ಒಂದೊಂದಾಗಿ ಹಚ್ಚಿ ವೇದಿಕೆಯ ಮೇಲೇ ಹಾಡು ಕಟ್ಟುವವರಿಗೆ ಇದು ಕೈಗೆ ಕೂರುತ್ತದೆ. ಪೂರ್ತಿ ಆವೃತ್ತಿಗೆ ಬೆಲೆ ಜಾಸ್ತಿ. ಆದರೆ ಲೈವ್ ಲೈಟ್ ಅಂತ ಚಿಕ್ಕದೊಂದು ಫೋಕಸ್‌ರೈಟ್ ಸ್ಕಾರ್ಲೆಟ್ ಥರದ ಇಂಟರ್‌ಫೇಸ್ ಜೊತೆ ಪುಕ್ಕಟೆ ಬರುತ್ತದೆ. ಯಮಾಹಾ, ಸ್ಟೈನ್‌ಬರ್ಗ್ ಪೆಟ್ಟಿಗೆಗಳ ಜೊತೆ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಕ್ಯೂಬೇಸ್‌ನ ಚಿಕ್ಕ ಆವೃತ್ತಿ ಬರುತ್ತದೆ. ಎಷ್ಟೋ ಜನ ಆ ಕೋಡ್ ಇರುವ ಚೀಟಿಯನ್ನು ಡಬ್ಬದ ಜೊತೆ ಎಸೆದುಬಿಡುತ್ತಾರೆ. ಮೊದಲು ಡಬ್ಬ ತೆಗೆದು ನೋಡಿ.

ಪ್ರೊ ಟೂಲ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿನಿಮಾ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಬೇಕು ಅನ್ನುವವರು ಕಲಿಯಲೇಬೇಕು. ಮನೆಯ ಹಾಡಿಗೆ ಬೇಕಿಲ್ಲ.

ಕಂಪ್ಯೂಟರೇ ಇಲ್ಲದವರಿಗೆ ಬ್ಯಾಂಡ್‌ಲ್ಯಾಬ್ ಇದೆ. ಫೋನ್‌ನಲ್ಲೂ ಬ್ರೌಸರ್‌ನಲ್ಲೂ ನಡೆಯುತ್ತದೆ, ಉಚಿತ. ದೂರದ ಊರಲ್ಲಿರುವ ಗೆಳೆಯ ಅದೇ ಪ್ರಾಜೆಕ್ಟಿಗೆ ಗಿಟಾರ್ ಸೇರಿಸಬಹುದು. ನೆಟ್ ಸರಿ ಇರಬೇಕು ಅಷ್ಟೇ.

ತಡ ಅನ್ನುವ ಕಾಟ

ಯಾವ ಸಾಫ್ಟ್‌ವೇರ್ ಹಾಕಿದರೂ ಇದು ಬಂದೇ ಬರುತ್ತದೆ. ಬಫರ್ ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಬೊಗಸೆ ಅಂದುಕೊಳ್ಳಿ. ಸೆಕೆಂಡಿಗೆ ದನಿಯ 48,000 ಅಳತೆ ತೆಗೆಯುವ ಸ್ಯಾಂಪಲ್ ರೇಟ್‌ನಲ್ಲಿ ಬಫರ್ 256 ಇದ್ದರೆ ಒಂದು ಬೊಗಸೆಗೆ 5.3 ಮಿಲಿಸೆಕೆಂಡ್. 1024 ಇದ್ದರೆ 21 ಮಿಲಿಸೆಕೆಂಡ್ ದಾಟುತ್ತದೆ. ಒಳಗೆ ಒಂದು ಸಲ, ಹೊರಗೆ ಒಂದು ಸಲ, ಮೇಲೆ ಇಂಟರ್‌ಫೇಸ್‌ನದು ಒಂದಿಷ್ಟು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹತ್ತು ಮಿಲಿಸೆಕೆಂಡ್ ಅಂದರೆ ಹನ್ನೊಂದು ಅಡಿ ದೂರದಲ್ಲಿ ಕೂತವರ ಪಕ್ಕವಾದ್ಯ ಕೇಳಿದ ಹಾಗೆ. ಅದನ್ನು ತಡೆದುಕೊಳ್ಳಬಹುದು. ನಲವತ್ತಾದರೆ ಹಾಡುವವರಿಗೆ ತಮ್ಮ ದನಿಯೇ ಪ್ರತಿಧ್ವನಿ ಆಗುತ್ತದೆ.

ರೆಕಾರ್ಡ್ ಮಾಡುವಾಗ ಬಫರ್ 128 ಅಥವಾ 256, ಮಿಕ್ಸ್ ಮಾಡುವಾಗ 1024. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದ್ದೇ, ತಡ ಕಡಿಮೆ ಮಾಡುವ ಏಸಿಯೋ ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ವೈರ್ ಇರುವುದೇ ಆಗಬೇಕು.

ಗಮಕದ ಮೇಲೆ ಕೈ ಹಾಕುವ ಮೊದಲು

ಪಿಚ್, ಅಂದರೆ ಸ್ವರದ ಎತ್ತರ ಸರಿಮಾಡುವ ಸಾಧನ ಈಗ ಹೆಚ್ಚಿನವುಗಳಲ್ಲಿ ಇದೆ. ಗ್ಯಾರೇಜ್‌ಬ್ಯಾಂಡ್‌ನಲ್ಲಿ ಒಂದು ಸ್ಲೈಡರ್, ರೀಪರ್‌ನಲ್ಲಿ ರೀಟ್ಯೂನ್, ಲಾಜಿಕ್‌ನಲ್ಲಿ ಫ್ಲೆಕ್ಸ್ ಪಿಚ್. ಆಟೋಮ್ಯಾಟಿಕ್ ಇಟ್ಟರೆ ಅದು ಪ್ರತಿ ಸ್ವರವನ್ನೂ ಹತ್ತಿರದ ಕೀಬೋರ್ಡ್ ಮನೆಗೆ ತಳ್ಳುತ್ತದೆ. ತೋಡಿ ರಾಗದ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ತೂಗಾಡುವುದೇ ಅದರ ರೂಪ. ಅದರ ಮೇಲೆ ಆಟೋಮ್ಯಾಟಿಕ್ ಹಾಕಿ ಕೇಳಿದೆ. ಉಯ್ಯಾಲೆ ಹೋಗಿ ಮೆಟ್ಟಿಲು ಆಗಿತ್ತು.

ಹೀಗೆ ತೂಗಾಡುವ ಗಮಕ ಇಲ್ಲದ ಕಡೆಯೂ ತೊಂದರೆ ಇದೆ. ತಂಬೂರಿಗೆ ಸೇರಿಸಿ ಹಾಡಿದ ಅಂತರ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಒಂದು ಅರ್ಧಸ್ವರಕ್ಕೆ ನೂರು ಸೆಂಟ್. ಅಮ್ಮ ಸರಿಯಾಗೇ ಹಿಡಿದಿರುತ್ತಾರೆ, ಸಾಫ್ಟ್‌ವೇರ್ ಅದನ್ನು ತಪ್ಪು ಅಂತ ಮೇಲಕ್ಕೆ ಎಳೆಯುತ್ತದೆ. ಆಮೇಲೆ ತಂಬೂರಿ ಜೊತೆ ಕೇಳಿದರೆ ಸಣ್ಣಗೆ ನಡುಗುತ್ತದೆ. ತಿದ್ದಲೇಬೇಕಿದ್ದರೆ ಮ್ಯಾನ್ಯುಯಲ್ ಇಟ್ಟು, ಜಾರಿದ ಒಂದು ಷಡ್ಜ ಅಥವಾ ಪಂಚಮವನ್ನು ಮಾತ್ರ ಕೈಯಿಂದ ಸರಿ ಮಾಡಿ.

ಶ್ರುತಿಯ ಬಗ್ಗೆ ಇನ್ನೊಂದು ಮಾತು. ಅಮ್ಮನ ಶ್ರುತಿ ಕಪ್ಪು ನಾಲ್ಕು. ಶ್ರುತಿಪೆಟ್ಟಿಗೆಯ ಸಣ್ಣ ತಿರುಗಣಿ ಎಲ್ಲೋ ಇದ್ದರೂ ಹಾಡಿಗೆ ತೊಂದರೆಯಿಲ್ಲ. ಆದರೆ ನಾಳೆ ಅದಕ್ಕೆ ಕೀಬೋರ್ಡ್ ಅಥವಾ ಕೊಳಲು ಸೇರಿಸುವ ಯೋಚನೆ ಇದ್ದರೆ, ಮೊದಲೇ ಟ್ಯೂನರ್ ಆಪ್ ಇಟ್ಟು ಕೀಬೋರ್ಡಿನ ಅಳತೆಗೆ (A=440 ಹರ್ಟ್ಜ್) ಸರಿಮಾಡಿಕೊಳ್ಳಿ. ಹಾಡಿದ ಮೇಲೆ ಸರಿ ಮಾಡುವುದು ಬಲು ಕಷ್ಟ.

ಕೋಣೆ, ಫೈಲು

ನಮ್ಮ ಸ್ಟುಡಿಯೋ ಅಂದರೆ ಮಲಗುವ ಕೋಣೆ. ಸೀರೆ ತುಂಬಿದ ಬೀರುವಿನ ಬಾಗಿಲು ತೆಗೆದು, ಅಮ್ಮನನ್ನು ಅದಕ್ಕೆ ಬೆನ್ನು ಮಾಡಿ ಕೂರಿಸುತ್ತೇನೆ. ಎದುರಿನ ಗೋಡೆಗೆ ಹಾಸಿಗೆ ಒರಗಿಸುತ್ತೇನೆ. ಫ್ಯಾನ್ ಆಫ್, ಫ್ರಿಜ್ ಆಫ್. ರಾತ್ರಿ ಹತ್ತೂವರೆ ಆದ ಮೇಲೆ, ಎಲ್ಲರ ಮನೆ ಕುಕ್ಕರ್ ಮಲಗಿದ ಮೇಲೆ ರೆಕಾರ್ಡಿಂಗ್. ಗುಂಯ್ ಅಂತ ಕರೆಂಟಿನ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಜೋರು ಎತ್ತುವ ಜಾಗದಲ್ಲೂ ಮೀಟರ್ ಮೈನಸ್ 10 ಡೆಸಿಬಲ್‌ನ ಆಸುಪಾಸು ಇರಲಿ. ಕೆಂಪು ಮುಟ್ಟಿದ ದನಿಯನ್ನು ಮತ್ತೆ ನೆಟ್ಟಗೆ ಮಾಡಲಾಗದು.

ಫೈಲಿನ ವಿಷಯದಲ್ಲಿ ನಾನು ಕಷ್ಟಪಟ್ಟು ಕಲಿತೆ. ಮೊದಲ ವರ್ಷ ಆರು ಹಾಡಿನ ಪ್ರಾಜೆಕ್ಟ್ ಪೆನ್‌ಡ್ರೈವ್‌ಗೆ ಹಾಕಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದೆ. ತೆರೆದರೆ ಟ್ರ್ಯಾಕ್ ಇವೆ, ಹೆಸರಿವೆ, ದನಿ ಇಲ್ಲ. ರೀಪರ್‌ನ ಆರ್‌ಪಿಪಿ ಫೈಲು ಬರೀ ಪಟ್ಟಿ, ಯಾವ ದನಿ ಎಲ್ಲಿ ಕೂರಬೇಕು ಅನ್ನುವುದಷ್ಟೇ ಅದರಲ್ಲಿರುತ್ತದೆ. ದನಿ ಬೇರೆ ವೇವ್ ಫೈಲುಗಳಲ್ಲಿರುತ್ತದೆ. ಅದನ್ನು ನಾನು ನಕಲು ಮಾಡಿರಲಿಲ್ಲ. ನಾಲ್ಕು ಹಾಡನ್ನು ಅಮ್ಮ ಮತ್ತೆ ಹಾಡಿದರು. ಎರಡರ ಸಾಹಿತ್ಯ ಅವರಿಗೆ ಇನ್ನೂ ಪೂರ್ತಿ ನೆನಪಾಗಿಲ್ಲ. ಸೇವ್ ಆ್ಯಸ್ ಮಾಡುವಾಗ ಎಲ್ಲ ಮೀಡಿಯಾ ಪ್ರಾಜೆಕ್ಟ್ ಫೋಲ್ಡರ್‌ಗೆ ನಕಲು ಮಾಡು ಅನ್ನುವ ಟಿಕ್ ಇದೆ, ತಪ್ಪದೆ ಹಾಕಿ. ಆಮೇಲೆ ಪೂರ್ತಿ ಫೋಲ್ಡರ್ ನಕಲು ಮಾಡಿ. ಆಡಾಸಿಟಿ 2021ರಿಂದ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುತ್ತದೆ, ಈ ವಿಷಯದಲ್ಲಿ ಅದೇ ಮೇಲು. 24 ಬಿಟ್, 48,000ದಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡಿಗೆ ಹತ್ತು ಟ್ರ್ಯಾಕ್ ಇದ್ದರೂ 430 ಎಂಬಿ ಆಸುಪಾಸು. ಎರಡು ಕಡೆ ಇಡಲು ಜಾಗ ಸಾಲದೆ ಹೋಗುವುದಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಒಬ್ಬರೇ ಹಾಡುವುದು, ಬೇರೇನೂ ಬೇಡ ಅಂದರೆ ಆಡಾಸಿಟಿ. ಪಕ್ಕವಾದ್ಯ ಸೇರಿಸಬೇಕು ಅಂದರೆ ರೀಪರ್, ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್. ಬೀಟ್ ಕಟ್ಟುವವರು ಎಫ್‌ಎಲ್ ಸ್ಟುಡಿಯೋ. ಯಾವುದೇ ಆರಿಸಿ, ಹತ್ತು ಹಾಡು ಮುಗಿಯುವ ತನಕ ಅದನ್ನು ಬದಲಿಸಬೇಡಿ.

ಮೊನ್ನೆ ಒಂದು ತೊಟ್ಟಿಲ ಹಾಡು ಮುಗಿಸಿ ಅಮ್ಮನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು.

"ಎರಡನೇ ನುಡೀಲಿ ನಾನು ಉಸಿರು ಎಳ್ಕೊಂಡಿದ್ದು ಕೇಳಿಸ್ತಿದೆ ಕಣೋ. ತೆಗೀತೀಯಾ?"

ಆ ಉಸಿರನ್ನು ಕತ್ತರಿಸಿ ಬೇರೆ ತುಂಡು ಮಾಡಿದೆ. ಪೂರ್ತಿ ತೆಗೆದರೆ ಅಲ್ಲೊಂದು ಗುಂಡಿ ಬಿದ್ದ ಹಾಗೆ ಕೇಳಿಸಿತು. ವಾಪಸ್ ತಂದು, 6 ಡೆಸಿಬಲ್ ಇಳಿಸಿ, ಎರಡೂ ತುದಿಗೆ ಸಣ್ಣ ಫೇಡ್ ಕೊಟ್ಟೆ. ಮತ್ತೆ ಕೇಳಿಸಿದೆ. "ಹ್ಞಾಂ, ಈಗ ಸರಿ" ಅಂದರು.